ಪುಟ್ಟ ರೈಲಿಗೆ ರೇಡಿಯೋ ಕಡಿವಾಣ

(ಅಂತಿಮ ಬಿ.ಎ. ವಿದ್ಯಾರ್ಥಿ, ನರಿಕೊಂಬು)

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ರೈಲು ಎಂಜಿನಿನ ಮಾದರಿಗಳ ವಿಷಯವಾಗಿ ಲೇಖನ ಬರೆದುಕೊಟ್ಟನೆಂದರೆ ಸಹಪಾಠಿಗಳು ನಗುವುದು ಸಹಜವೇ ಸರಿ. "ಇತಿಹಾಸದ ಟಿಪ್ಪಣಿಯನ್ನೇ ಹೊತ್ತಿಗೆ ಸರಿಯಾಗಿ ಒಪ್ಪಿಸದವನಿಗೆ ಎಂಜಿನಿನ ಉಸಾಬರಿ ಏಕೆ?" ಎಂದು ಗೆಳೆಯನೊಬ್ಬನು ಕೇಳಿಯೂ ಬಿಟ್ಟನು. ಅವನ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ನಮ್ಮದು ಕಲಾ ಕಾಲೇಜು. ಇಲ್ಲಿ ಪ್ರಯೋಗಶಾಲೆಯಿಲ್ಲ, ಕಾರ್ಯಾಗಾರವಿಲ್ಲ. ಆದರೂ ನಾನು ಕೈ ಸುಟ್ಟುಕೊಂಡು ಕಲಿತ ಒಂದು ಪಾಠವುಂಟು. ಅದನ್ನು ಹೇಳದೆ ಈ ಕಾಲೇಜನ್ನು ಬಿಟ್ಟು ಹೋದರೆ ನನ್ನ ಹಿಂದೆ ಬರುವವರಿಗೆ ಅನ್ಯಾಯ ಮಾಡಿದಂತಾಗುವುದೆಂಬ ಭಾವನೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು. ಅಧ್ಯಾಪಕ ವೃಂದದವರು ತಪ್ಪಿದ್ದಲ್ಲಿ ತಿದ್ದಬೇಕು.

ನಮ್ಮ ಊರಾದ ನರಿಕೊಂಬು ನೇತ್ರಾವತಿಯ ದಕ್ಷಿಣ ದಡದಲ್ಲಿದೆ. ಮಂಗಳೂರಿನಿಂದ ಹಾಸನಕ್ಕೆ ಹೋಗುವ ರೈಲು ಬಂಟ್ವಾಳ ನಿಲ್ದಾಣವನ್ನು ಬಿಟ್ಟು ಪುತ್ತೂರಿನ ಕಡೆಗೆ ಹೊರಟಿತೆಂದರೆ ಈ ಹೊಳೆಯನ್ನು ದಾಟಲೇಬೇಕು. ರಾತ್ರಿ ಊರು ಮಲಗಿದ ಮೇಲೆ ಸೇತುವೆಯ ಮೇಲಿನ ಆ ಗಡಗಡ ಶಬ್ದ ನಮ್ಮ ಮನೆಯ ಚಾವಡಿಗೆ ಕೇಳಿಸುವುದು. ಈ ಮಾರ್ಗವು ಮೊದಲು ಮೀಟರ್ ಗೇಜಿನಲ್ಲಿ 1979ರಲ್ಲಿ ಪೂರ್ತಿಯಾಗಿ ತೆರೆಯಿತು. ಅನಂತರ ಹಳಿಯನ್ನು ಅಗಲ ಮಾಡುವುದಕ್ಕಾಗಿ ವರ್ಷಗಟ್ಟಲೆ ಮುಚ್ಚಿಹೋಗಿ, 2007ರ ಕೊನೆಗೆ ಪ್ರಯಾಣಿಕರ ಬಂಡಿ ಮತ್ತೆ ಘಟ್ಟ ಹತ್ತಿತು. ಆಗ ನಾನು ಅಮ್ಮನ ಸೊಂಟದ ಮೇಲಿದ್ದ ಕೂಸು. ರೈಲು ನೋಡಬೇಕೆಂದು ನಾನು ಹಟ ಹಿಡಿದಾಗಲೆಲ್ಲ ಅಪ್ಪ ನನ್ನನ್ನು ಹೊಳೆಯ ಬದಿಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದರಂತೆ. ಆ ಹುಚ್ಚು ಇನ್ನೂ ಬಿಟ್ಟಿಲ್ಲ.

ಹುಚ್ಚಿಗೆ ಎಣ್ಣೆ ಎರೆದವರು ನನ್ನ ಸೋದರಮಾವ. ಅವರು ಮುಂಬಯಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತವರು. ಊರಿಗೆ ಮರಳುವಾಗ ಒಂದು ಮರದ ಪೆಟ್ಟಿಗೆಯನ್ನು ತಂದರು. ಅದರೊಳಗೆ ಮೊಣಕೈಯಷ್ಟು ಉದ್ದದ ಒಂದು ನಿಜವಾದ ಉಗಿಬಂಡಿ! ಅವರಿಂದ ಅದರ ರಿಪೇರಿ ಮಾಡಿಸುತ್ತಿದ್ದ ಒಬ್ಬ ವೃದ್ಧ ಗೃಹಸ್ಥರು, ಮಕ್ಕಳಿರುವ ಪರದೇಶಕ್ಕೆ ಹೊರಟಾಗ, "ಇದರ ಕಷ್ಟಸುಖ ಬಲ್ಲವನು ನೀನೊಬ್ಬನೇ" ಎಂದು ಕೊಟ್ಟುಬಿಟ್ಟರಂತೆ. ತಾಮ್ರದ ಬಾಯ್ಲರು, ಹಿತ್ತಾಳೆಯ ಸಿಲಿಂಡರು, ಲೈಟರಿಗೆ ತುಂಬುವ ಬ್ಯೂಟೇನ್ ಅನಿಲದ ಒಲೆ. ಅದು ಓಡುವ ಹಳಿಗಳ ನಡುವಣ ಅಂತರ 45 ಮಿಲಿಮೀಟರು. ನೀರು ಕುದಿದು ಉಗಿ ಕಟ್ಟಿ, ರೆಗ್ಯುಲೇಟರಿನ ಹಿಡಿಯನ್ನು ಸ್ವಲ್ಪ ತಿರುಗಿಸಿದೊಡನೆ ಅದು ಉಸಿರು ಬಿಡುತ್ತ ಹೊರಡುವ ಸೊಗಸನ್ನು ಕಣ್ಣಾರೆ ಕಂಡೇ ತಿಳಿಯಬೇಕು. ಮೈಸೂರಿನ ರೈಲು ವಸ್ತುಸಂಗ್ರಹಾಲಯವನ್ನು ನಮ್ಮಲ್ಲಿ ಹಲವರು ಪ್ರವಾಸದಲ್ಲಿ ನೋಡಿರುವೆವು. ನಮ್ಮ ಹಾಸನ ಮಾರ್ಗ ತೆರೆದ 1979ರಲ್ಲಿಯೇ ಅದೂ ಸ್ಥಾಪನೆಯಾಯಿತು. ಅಲ್ಲಿ ಮೌನವಾಗಿ ನಿಂತಿರುವ ಎಂಜಿನುಗಳ ವಂಶಕ್ಕೆ ಸೇರಿದ ಒಂದು ಮರಿ ನಮ್ಮ ಅಂಗಳದಲ್ಲಿ ಜೀವಂತವಾಗಿ ಓಡಾಡುತ್ತಿತ್ತೆಂದರೆ ನನ್ನ ಹಿಗ್ಗನ್ನು ನೀವೇ ಊಹಿಸಿಕೊಳ್ಳಬಹುದು.

ಅದನ್ನು ನೋಡಿ ನಾನೂ ಒಂದು ಬಂಡಿಯನ್ನು ಮಾಡಿದೆನು. ಹಳೆಯ ಗೇರು ಮೋಟಾರು, ತಗಡು, ಹಲಗೆ ಇಷ್ಟೇ ಅದರ ಬಂಡವಾಳ. ಅದು ಬ್ಯಾಟರಿಯಿಂದ ಓಡುವುದು. ಹೀಗೆ ಒಂದೇ ಹಳಿಯ ಮೇಲೆ ಎರಡು ಬಗೆಯ ಬಂಡಿಗಳಾದವು. ಎರಡನ್ನೂ ದೂರದಿಂದಲೇ ನಡೆಸಬೇಕೆಂಬ ಆಸೆ ಹುಟ್ಟಿತು. ಅಲ್ಲಿಂದ ಈ ಕಥೆ ಮೊದಲಾಯಿತು.

ರೇಡಿಯೋ ಮೂಲಕ ನಡೆಸುವುದೆಂದರೆ ಏನೆಂದು ತಿಳಿಯದವರಿಗಾಗಿ ಒಂದೆರಡು ಮಾತು. ನಮ್ಮ ಕೈಯಲ್ಲಿರುವುದು ಟ್ರಾನ್ಸ್‌ಮಿಟರು, ಬಂಡಿಯಲ್ಲಿರುವುದು ರಿಸೀವರು. ಉಗಿಬಂಡಿಯಲ್ಲಿ ರಿಸೀವರಿಗೆ ಸರ್ವೋ ಎಂಬ ಪುಟ್ಟ ಮೋಟಾರುಗಳನ್ನು ಜೋಡಿಸುವರು. ನಾವು ಕಡ್ಡಿಯನ್ನು ಎಷ್ಟು ಸರಿಸುವೆವೋ ಅದಕ್ಕೆ ತಕ್ಕಷ್ಟು ಸರ್ವೋದ ತೋಳು ತಿರುಗಿ ಅಲ್ಲಿಯೇ ನಿಲ್ಲುವುದು. ಒಂದು ಸರ್ವೋ ರೆಗ್ಯುಲೇಟರನ್ನು ತಿರುಗಿಸಿದರೆ ಇನ್ನೊಂದು ಬಂಡಿಯನ್ನು ಹಿಂದಕ್ಕೋ ಮುಂದಕ್ಕೋ ನಡೆಸುವ ಸನ್ನೆಯನ್ನು ಎಳೆಯುವುದು. ಬ್ಯಾಟರಿ ಬಂಡಿಯಲ್ಲಿ ಸರ್ವೋ ಬೇಕಿಲ್ಲ. ರಿಸೀವರು ಮತ್ತು ಮೋಟಾರಿನ ನಡುವೆ ವೇಗ ನಿಯಂತ್ರಕವೆಂಬ ಎಲೆಕ್ಟ್ರಾನಿಕ್ ಹಲಗೆಯೊಂದಿದ್ದು, ಅದು ಮೋಟಾರಿಗೆ ಹೋಗುವ ವಿದ್ಯುತ್ತನ್ನೇ ಹೆಚ್ಚುಕಡಿಮೆ ಮಾಡುವುದು.

ಮೇಲುನೋಟಕ್ಕೆ ಎರಡೂ ಒಂದೇ ಎಂದು ತೋರುವುದು. ನಾನೂ ಹಾಗೆಯೇ ತಿಳಿದಿದ್ದೆನು. ಅಂತರಜಾಲದ ಅಂಗಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯ ಎರಡು ಚಾನೆಲಿನ ಸೆಟ್ಟೊಂದನ್ನು ಹುಡುಕಿ ತರಿಸಿದೆನು. ಅದರ ಹಣ ನನ್ನದಲ್ಲ. ನನ್ನ ತಾಯಿ ಮೊರವನ್ನು ಮಡಿಲಲ್ಲಿಟ್ಟುಕೊಂಡು, ರಾತ್ರಿ ಹತ್ತು ಗಂಟೆಯವರೆಗೆ ಬೀಡಿ ಕಟ್ಟಿ, ಬ್ರಾಂಚಿಗೆ ಒಪ್ಪಿಸಿ ತಂದ ಮಜೂರಿಯಲ್ಲಿ ಉಳಿಸಿದ ಹಣ. "ನಿನ್ನ ಕಾಲೇಜಿನ ಕೆಲಸಕ್ಕೆ ಬೇಕಾದದ್ದೋ ಮಗ?" ಎಂದು ಕೇಳಿದರು. "ಹೌದಮ್ಮ" ಎಂದು ಸುಳ್ಳು ಹೇಳಿದೆನು. ಇಂದು ಕಾಲೇಜಿನ ಸಂಚಿಕೆಗೆ ಇದನ್ನು ಬರೆಯುತ್ತಿರುವುದರಿಂದ ಆ ಸುಳ್ಳು ಅರ್ಧವಾದರೂ ನಿಜವಾಗಲೆಂದು ಆಶಿಸುವೆನು.

ನಾನು ಓದಿದ ಪ್ರಾಥಮಿಕ ಶಾಲೆಯ ವಾರ್ಷಿಕೋತ್ಸವದ ದಿನ, ಬೆಂಚುಗಳನ್ನು ಜೋಡಿಸಿ ಅವುಗಳ ಮೇಲೆ ಹಳಿಯನ್ನು ಹಾಸಿದೆವು. ಮೊದಲು ಬ್ಯಾಟರಿ ಬಂಡಿ ಓಡಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅನಂತರ ರಿಸೀವರನ್ನು ಬಿಚ್ಚಿ ಉಗಿಬಂಡಿಗೆ ಕಟ್ಟಿದೆನು. ಅದಕ್ಕೆ ಶಕ್ತಿ ಕೊಡಲು ನಾಲ್ಕು ಪೆನ್ಸಿಲ್ ಸೆಲ್ಲುಗಳು. ಅವು ಎರಡು ದಿನದ ಅಭ್ಯಾಸದಲ್ಲಿ ಆಗಲೇ ಸೊರಗಿದ್ದವು. ಎರಡು ಸುತ್ತು ಬಂಡಿ ಅಂದವಾಗಿ ಓಡಿತು. ಮೂರನೆಯ ಸುತ್ತಿನಲ್ಲಿ ಕಡ್ಡಿಯನ್ನು ಹಿಂದಕ್ಕೆ ಎಳೆದರೆ ವೇಗ ಕಡಿಮೆಯಾಗಲಿಲ್ಲ. ಇನ್ನೂ ಎಳೆದೆನು, ಊಹೂಂ. ಸೆಲ್ಲು ಸತ್ತಿತ್ತು, ಸರ್ವೋ ಇದ್ದಲ್ಲಿಯೇ ಹೆಪ್ಪುಗಟ್ಟಿತ್ತು, ರೆಗ್ಯುಲೇಟರು ತೆರೆದೇ ಇತ್ತು. ತಿರುವಿನಲ್ಲಿ ಬಂಡಿ ಹಳಿ ತಪ್ಪಿತು. ಹಿಡಿಯಲು ಓಡಿದ ನನ್ನ ಎಡ ಮುಂಗೈಯ ಮೇಲೆ ಕುದಿನೀರು ಚೆಲ್ಲಿತು. ಒಂದನೆಯ ತರಗತಿಯ ಹುಡುಗಿಯೊಬ್ಬಳು ಒಂದು ನಿಮಿಷದ ಹಿಂದಷ್ಟೇ ಆ ತಿರುವಿನ ಬಳಿ ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದಳು. ಬಹುಮಾನ ತೆಗೆದುಕೊಳ್ಳಲು ಟೀಚರು ಅವಳ ಹೆಸರು ಕೂಗಿದ್ದರಿಂದ ಎದ್ದು ಹೋಗಿದ್ದಳು. ಆ ನಿಮಿಷವನ್ನು ನೆನೆದರೆ ಈಗಲೂ ಮೈ ನಡುಗುವುದು.

ಮನೆಗೆ ಬಂದ ಮೇಲೆ ನಾನು ಸೆಟ್ಟನ್ನು ಬಾಯಿಗೆ ಬಂದಂತೆ ಬೈದೆನು. ಮಾವ ಮುಂಗೈಗೆ ಮದ್ದು ಹಚ್ಚುತ್ತ ಹೇಳಿದರು: "ಅದನ್ನು ಯಾಕೆ ಬೈಯುವುದು ಮಾರಾಯ? ಎಷ್ಟು ದೂರ ಕೇಳ್ತದೆ, ಎಷ್ಟು ರೂಪಾಯಿ ಅಂತ ಕೇಳಿದಿ. ಅದು ಕೈಬಿಟ್ಟರೆ ಬಂಡಿ ಏನು ಮಾಡ್ತದೆ ಅಂತ ಕೇಳಿದಿಯಾ?"

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಮಾವನ ಆ ಒಂದು ಪ್ರಶ್ನೆಯಲ್ಲಿದೆ. ಬ್ಯಾಟರಿ ಬಂಡಿಗೂ ಉಗಿಬಂಡಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿಯೇ ತೋರುವುದು. ಬ್ಯಾಟರಿ ಬಂಡಿಯಲ್ಲಿ ಮೋಟಾರಿಗೂ ರಿಸೀವರಿಗೂ ಸಾಮಾನ್ಯವಾಗಿ ಒಂದೇ ಬ್ಯಾಟರಿ. ಅದು ಬರಿದಾದರೆ ಹಿಡಿತ ಹೋಗುವಾಗಲೇ ಓಟವೂ ಹೋಗುವುದು. ಬಂಡಿ ತಾನಾಗಿ ನಿಲ್ಲುವುದು. ಉಗಿಬಂಡಿಯಲ್ಲಿ ಹಾಗಲ್ಲ. ಅದರ ಶಕ್ತಿ ಬಾಯ್ಲರಿನಲ್ಲಿದೆ, ಹಿಡಿತ ಮಾತ್ರ ಬ್ಯಾಟರಿಯಲ್ಲಿದೆ. ಬ್ಯಾಟರಿ ಸತ್ತರೆ ಸವಾರ ಬಿದ್ದ ಕುದುರೆಯಂತೆ ಬಂಡಿ ಓಡುತ್ತಲೇ ಇರುವುದು. ಆದುದರಿಂದ ಎರಡಕ್ಕೂ ಒಂದೇ ಕಣ್ಣಿನಿಂದ ರೇಡಿಯೋ ಆರಿಸುವುದು ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ಆರಿಸುವುದು ಹೇಗೆ? ನನ್ನ ಅನುಭವಕ್ಕೆ ಬಂದಷ್ಟನ್ನು ಹೇಳುವೆನು.

ಮೊದಲನೆಯದಾಗಿ, ತರಂಗದ ವಿಷಯ. ಹಿಂದೆ 27 ಮೆಗಾಹರ್ಟ್ಸಿನ ಸೆಟ್ಟುಗಳಿದ್ದವು. ಒಂದೇ ತರಂಗದಲ್ಲಿ ಇಬ್ಬರು ಆಡಿಸಿದರೆ ಒಬ್ಬನ ಆಜ್ಞೆಗೆ ಇನ್ನೊಬ್ಬನ ಬಂಡಿ ಓಡುವುದು, ಏರಿಯಲ್ಲು ಮೊಳದುದ್ದ. ಈಗಿನ 2.4 ಗಿಗಾಹರ್ಟ್ಸಿನ ಸೆಟ್ಟಿನಲ್ಲಿ ರಿಸೀವರಿಗೆ ತನ್ನ ಟ್ರಾನ್ಸ್‌ಮಿಟರಿನ ಗುರುತನ್ನು ಮೊದಲೇ ಕಲಿಸಿಡುವುದರಿಂದ ಅದು ಪರರ ಮಾತಿಗೆ ಕಿವಿಗೊಡುವುದಿಲ್ಲ. ನಮ್ಮ ದೇಶದಲ್ಲಿ ಅಲ್ಪ ಶಕ್ತಿಯ ಉಪಕರಣಗಳಿಗೆ ಈ ತರಂಗಪಟ್ಟಿಯನ್ನು 2005ರಲ್ಲಿಯೇ ಲೈಸೆನ್ಸಿನಿಂದ ಮುಕ್ತಗೊಳಿಸಲಾಗಿದೆ. ಹಳೆಯದು ಅಗ್ಗಕ್ಕೆ ಸಿಕ್ಕಿತೆಂದು ಯಾರೂ ಮರುಳಾಗಬಾರದು. ಆದರೆ 2.4ಕ್ಕೂ ಒಂದು ದೌರ್ಬಲ್ಯವುಂಟು: ಲೋಹದ ಗೋಡೆಯನ್ನು ದಾಟಲು ಅದಕ್ಕೆ ಕಷ್ಟ. ಉಗಿಬಂಡಿಯ ಮೈಯೆಲ್ಲ ಲೋಹವೇ. ಆದುದರಿಂದ ಏರಿಯಲ್ಲಿನ ತುದಿ ಲೋಹದ ಮರೆಯಲ್ಲಿ ಅಡಗದಂತೆ ನೋಡಿಕೊಳ್ಳಬೇಕು. ರಿಸೀವರನ್ನೂ ಬ್ಯಾಟರಿಯನ್ನೂ ಒಲೆಯ ಪಕ್ಕದಲ್ಲಿರಿಸದೆ, ಹಿಂದಿನ ಕಲ್ಲಿದ್ದಲ ಗಾಡಿಯಲ್ಲಿ ಇರಿಸುವುದು ಲೇಸು. ಲಿಥಿಯಂ ಬ್ಯಾಟರಿಗೂ ಬೆಂಕಿಗೂ ಎಣ್ಣೆ ಸೀಗೆಕಾಯಿಯ ಸಂಬಂಧ.

ಎರಡನೆಯದಾಗಿ, ಚಾನೆಲುಗಳ ಲೆಕ್ಕ. ಅಂಗಡಿಯವರು ಆರು, ಎಂಟು, ಹತ್ತು ಎಂದು ಆಸೆ ತೋರಿಸುವರು. ಉಗಿಬಂಡಿಗೆ ಎರಡು ಸಾಕು. ಸಿಳ್ಳೆ ಊದಬೇಕೆಂದರೆ ಮೂರು. ಬ್ಯಾಟರಿ ಬಂಡಿಗೆ ಒಂದೇ ಸಾಕು. ದೀಪ, ಸಿಳ್ಳೆಗಳಿಗೆ ಒಂದೆರಡು ಹೆಚ್ಚು. ಹಾಗೆಯೇ ದೂರದ ಲೆಕ್ಕ. ಬಂಡಿ ಕಣ್ಣಿಗೆ ಕಾಣುವಷ್ಟು ದೂರ ಕೇಳಿದರೆ ಸಾಲದೆ? ಒಂದು ಕಿಲೋಮೀಟರು ಕೇಳುವುದೆಂದು ಹೆಚ್ಚಿಗೆ ಹಣ ತೆತ್ತರೆ ಬಂಡಿಯನ್ನು ನರಿಕೊಂಬಿನಿಂದ ಪಾಣೆಮಂಗಳೂರಿಗೆ ಕಳುಹಿಸಲು ಯಾರಲ್ಲಿ ಹಳಿಯಿದೆ?

ಮೂರನೆಯದಾಗಿ, ಕಡ್ಡಿಯ ಸ್ವಭಾವ. ಕೆಲವು ಕಡ್ಡಿಗಳು ಕೈಬಿಟ್ಟೊಡನೆ ಸ್ಪ್ರಿಂಗಿನ ಬಲದಿಂದ ನಡುವಿಗೆ ಮರಳುವುವು; ಕೆಲವು ಇಟ್ಟಲ್ಲಿಯೇ ನಿಲ್ಲುವುವು. ರೆಗ್ಯುಲೇಟರಿಗೆ ಇಟ್ಟಲ್ಲಿ ನಿಲ್ಲುವ ಕಡ್ಡಿಯೇ ಅನುಕೂಲ. ಉಗಿಯನ್ನು ಹದವಾಗಿ ಬಿಟ್ಟು ನೋಡುತ್ತ ನಿಲ್ಲಬಹುದು. ಬ್ಯಾಟರಿ ಬಂಡಿಗೆ, ಅದರಲ್ಲಿಯೂ ಮಕ್ಕಳ ಕೈಗೆ ಕೊಡುವುದಾದರೆ, ನಡುವಿಗೆ ಮರಳುವ ಕಡ್ಡಿಯೇ ಮೇಲು. ಕೈಬಿಟ್ಟರೆ ಬಂಡಿ ನಿಲ್ಲುವುದು.

ನಾಲ್ಕನೆಯದಾಗಿ, ತೋಳಿನ ಬಲ. ಒಂಬತ್ತು ಗ್ರಾಂ ತೂಕದ ಅಗ್ಗದ ಸರ್ವೋಗಳ ಹಲ್ಲುಗಳು ಪ್ಲಾಸ್ಟಿಕ್ಕಿನವು. ಬಾಯ್ಲರು ಕಾದಾಗ ರೆಗ್ಯುಲೇಟರಿನ ಹಿಡಿ ತಣ್ಣಗಿದ್ದಾಗಿನಷ್ಟು ಸಲೀಸಾಗಿ ತಿರುಗುವುದಿಲ್ಲ. ಆದುದರಿಂದ ಬಲವನ್ನು ಅಳೆಯುವುದು ಕಾದಾಗಲೇ ಹೊರತು ಮೇಜಿನ ಮೇಲಲ್ಲ. ಬ್ಯಾಟರಿ ಬಂಡಿಗೆ ಕೊಳ್ಳುವ ವೇಗ ನಿಯಂತ್ರಕದ ವಿಷಯದಲ್ಲಿಯೂ ಎಚ್ಚರ ಬೇಕು. ವಿಮಾನದ ಮಾದರಿಗಳಿಗಾಗಿ ಮಾಡಿದವುಗಳಲ್ಲಿ ಸಾಮಾನ್ಯವಾಗಿ ಹಿಂದಕ್ಕೆ ಚಲಿಸುವ ಏರ್ಪಾಡಿರುವುದಿಲ್ಲ. ವಿಮಾನಕ್ಕೆ ಅದು ಬೇಕಿಲ್ಲವಷ್ಟೆ. ರೈಲಿಗೆ ಬೇಕು. ನಿಧಾನವಾಗಿ ಹೊರಟು ನಿಧಾನವಾಗಿ ನಿಲ್ಲುವ ಗುಣವೂ ಬೇಕು.

ಐದನೆಯದೂ ಎಲ್ಲಕ್ಕಿಂತ ಮಿಗಿಲಾದುದೂ ಫೇಲ್‌ಸೇಫ್. ಸಂಕೇತ ನಿಂತುಹೋದಾಗ ರಿಸೀವರು ಏನು ಮಾಡಬೇಕೆಂಬ ಮೊದಲೇ ಬರೆದಿಟ್ಟ ಆಜ್ಞೆ ಇದು. ಕೆಲವು ಸೆಟ್ಟುಗಳು ಕೊನೆಯ ಸ್ಥಿತಿಯನ್ನೇ ಹಿಡಿದುಕೊಂಡಿರುವುವು. ಓಡುತ್ತಿದ್ದರೆ ಓಡುತ್ತಲೇ ಇರು ಎಂದರ್ಥ. ಇನ್ನು ಕೆಲವು ನಾವು ಹೇಳಿಕೊಟ್ಟ ಸ್ಥಿತಿಗೆ ಹೋಗುವುವು. ಉಗಿಬಂಡಿಗೆ ಎರಡನೆಯದೇ ಬೇಕು. ಸಂಕೇತ ತಪ್ಪಿದೊಡನೆ ರೆಗ್ಯುಲೇಟರು ಮುಚ್ಚಬೇಕು. ಆದರೆ ಇದನ್ನೇ ನಂಬಿ ಕೂರುವಂತೆಯೂ ಇಲ್ಲ. ರಿಸೀವರಿನ ಬ್ಯಾಟರಿಯೇ ಸತ್ತರೆ ಆಜ್ಞೆಯನ್ನು ನೆರವೇರಿಸುವವರಾರು? ನನಗಾದದ್ದು ಇದೇ. ಬ್ಯಾಟರಿ ಇಳಿಯುತ್ತ ಬಂದಾಗಲೇ ಎಚ್ಚೆತ್ತು ಫೇಲ್‌ಸೇಫಿಗೆ ಹೋಗುವ ರಿಸೀವರುಗಳೂ ಇವೆ. ಉಗಿಬಂಡಿಗೆ ಹೆಚ್ಚಿನ ಹಣ ಕೊಡುವುದಾದರೆ ಈ ಗುಣಕ್ಕೆ ಕೊಡಬೇಕು. ಅದಿಲ್ಲದವರು ಪ್ರತಿಸಲವೂ ಪೂರ್ತಿ ತುಂಬಿದ ಬ್ಯಾಟರಿಯನ್ನೇ ಹಾಕಬೇಕು. ರೆಗ್ಯುಲೇಟರು ಮುಚ್ಚಿದರೂ ಒಲೆ ಆರುವುದಿಲ್ಲವೆಂಬುದೂ ನೆನಪಿರಲಿ. ಹೆಚ್ಚಿದ ಉಗಿ ಸೇಫ್ಟಿ ವಾಲ್ವಿನಿಂದ ಹೊರಹೋಗುವುದು; ಅನಿಲವನ್ನು ನಿಲ್ಲಿಸಲು, ನೀರನ್ನು ನೋಡಲು ಮನುಷ್ಯನೇ ಹತ್ತಿರ ಹೋಗಬೇಕು. ಇಳಿಜಾರಿನಲ್ಲಿ ರೆಗ್ಯುಲೇಟರು ಮುಚ್ಚಿದ ಮಾತ್ರಕ್ಕೆ ಬಂಡಿ ನಿಲ್ಲುವುದೂ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ನಮ್ಮ ಘಟ್ಟದ ಹಳಿಯಲ್ಲಿ 50 ಅಡಿಗೆ ಒಂದು ಅಡಿ ಇಳಿಜಾರು, 57 ಸುರಂಗಗಳು. ಅಲ್ಲಿ ಬ್ರೇಕಿನ ಮೇಲೆ ಎಷ್ಟು ಜಾಗ್ರತೆಯಿರುವುದೆಂಬುದನ್ನು ಬಲ್ಲವರೇ ಬಲ್ಲರು. ಬ್ರೇಕಿಲ್ಲದ ಪುಟ್ಟ ಬಂಡಿಗೆ ಸಮತಟ್ಟಾದ ಹಳಿಯೇ ಬ್ರೇಕು.

ನನ್ನ ಅಭಿಪ್ರಾಯಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಉಗಿಬಂಡಿಗೆ ರೇಡಿಯೋವನ್ನೇ ಹಾಕಬಾರದು, ಹಾಕಿದರೆ ಅದು ಬೊಂಬೆಯಾಗುವುದೆಂದು ಹೇಳುವವರುಂಟು. ಮೊದಮೊದಲು ಮಾವನೂ ಈ ಪಕ್ಷದವರೇ ಆಗಿದ್ದರು. ಆದರೆ ರೇಡಿಯೋ ಇಲ್ಲದ ಉಗಿಬಂಡಿಯು ಒಮ್ಮೆ ಬಿಟ್ಟ ಮೇಲೆ ತನ್ನಿಚ್ಛೆಯಂತೆ ಓಡುವುದು. ಬಗ್ಗಿ ಹಿಡಿಯಲು ಹೋದರೆ ಕೈ ಸುಡುವುದು. ಮಂಡಿನೋವಿನ ಮುದುಕರೂ ಕುಳಿತಲ್ಲಿಂದಲೇ ಅದನ್ನು ಹದವಾಗಿ ನಡೆಸಬಹುದಾದರೆ ಅದರಿಂದ ಉಗಿಯ ಸೊಗಸು ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ. ಈಗ ಮಾವನೇ ಚಾವಡಿಯಲ್ಲಿ ಕುಳಿತು ಟ್ರಾನ್ಸ್‌ಮಿಟರನ್ನು ಯಾರ ಕೈಗೂ ಕೊಡುವುದಿಲ್ಲ!

ಇನ್ನು ಕೆಲವರು ಮೊಬೈಲಿನಿಂದಲೇ ನಡೆಸಬಹುದಲ್ಲ, ಬೇರೆ ಸೆಟ್ಟೇಕೆ ಎನ್ನುವರು. ಬ್ಯಾಟರಿ ಬಂಡಿಗೆ ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಉಗಿಬಂಡಿ ಓಡುತ್ತಿರುವಾಗ ಯಾರಾದರೂ ಕರೆ ಮಾಡಿದರೆ? ನಯವಾದ ಗಾಜಿನ ಮೇಲೆ ಬೆರಳು ಎಲ್ಲಿದೆಯೆಂದು ನೋಡಲು ಬಂಡಿಯಿಂದ ಕಣ್ಣು ತೆಗೆಯಬೇಕಾಗುವುದು. ಕಡ್ಡಿಯಾದರೆ ಬೆರಳಿಗೇ ತಿಳಿಯುವುದು. "ಮೊದಲು ಅಗ್ಗದ್ದನ್ನು ಕೊಂಡು ಕಲಿಯಿರಿ, ಆಮೇಲೆ ಒಳ್ಳೆಯದನ್ನು ಕೊಳ್ಳಿರಿ" ಎಂಬುದು ಇನ್ನೊಂದು ಬುದ್ಧಿವಾದ. ಎರಡು ಸಲ ಕೊಳ್ಳಬಲ್ಲವರಿಗೆ ಅದು ಸರಿಯಿರಬಹುದು. ನಮ್ಮಂಥವರು ಕೊಳ್ಳುವುದು ಒಂದೇ ಸಲ. ಹಾಗೆಂದು ಅತಿ ದುಬಾರಿಯಾದುದನ್ನೇ ಕೊಳ್ಳಬೇಕೆಂದೂ ನಾನು ಹೇಳುತ್ತಿಲ್ಲ. ಬೇಡದ ಚಾನೆಲುಗಳಿಗೂ ಬೇಡದ ದೂರಕ್ಕೂ ಕೊಡುವ ಹಣವನ್ನು ಉಳಿಸಿ ಫೇಲ್‌ಸೇಫಿಗೆ ಕೊಡಿರೆಂಬುದಷ್ಟೇ ನನ್ನ ವಾದ.

ಇದು ಆಟಿಕೆಯ ಮಾತಾಯಿತೆಂದು ತಳ್ಳಿಹಾಕುವವರಿಗೆ ಒಂದು ವಿಷಯವನ್ನು ನೆನಪಿಸುವೆನು. ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ತಂತಿಯಿಲ್ಲದೆ ದೂರದಿಂದ ಗಂಟೆಯನ್ನು ಬಾರಿಸಿ ತೋರಿಸಿದರು. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ರೇಡಿಯೋದಿಂದ ನಡೆಸಿದನು. ಅಂದು ಕೌತುಕವಾಗಿದ್ದುದು ಇಂದು ದೊಡ್ಡ ರೈಲಿನ ರಕ್ಷೆಯಾಗಿದೆ. ನಮ್ಮ ರೈಲ್ವೆಯು 2020ರಲ್ಲಿ ರಾಷ್ಟ್ರೀಯ ವ್ಯವಸ್ಥೆಯಾಗಿ ಅಂಗೀಕರಿಸಿದ 'ಕವಚ್' ಎಂಬ ಏರ್ಪಾಡಿನಲ್ಲಿ ನಿಲ್ದಾಣವೂ ಎಂಜಿನೂ ರೇಡಿಯೋದಲ್ಲಿ ಮಾತಾಡಿಕೊಳ್ಳುವುವು. ಚಾಲಕನು ಅಪಾಯದ ಸಿಗ್ನಲಿಗೆ ನಿಲ್ಲಿಸದೆ ಹೋದರೆ ಯಂತ್ರವೇ ಬ್ರೇಕು ಹಾಕುವುದು. ಸಾವಿರಾರು ಜನರನ್ನು ಹೊತ್ತೊಯ್ಯುವ ಬಂಡಿಯ ಬಗ್ಗೆ ದೊಡ್ಡವರು ಕೇಳಿದ್ದೂ ಮಾವನ ಪ್ರಶ್ನೆಯನ್ನೇ: ಹಿಡಿತ ತಪ್ಪಿದರೆ ಏನಾಗುವುದು?

ನನ್ನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಓದಬೇಕು, ಯಾವ ಅರ್ಜಿ ತುಂಬಬೇಕು ಎಂದು ಕೇಳಲು ಮನೆಯಲ್ಲಿ ಹಿರಿಯರಿದ್ದರೂ ಬಲ್ಲವರಿಲ್ಲದಿರುವುದು ಎಂಥದೆಂದು ಈ ಕಾಲೇಜಿನ ಅನೇಕರಿಗೆ ನಾನು ವಿವರಿಸಬೇಕಾಗಿಲ್ಲ. ನನ್ನ ಸೆಟ್ಟಿನ ಜೊತೆಗೆ ಬಂದ ಇಂಗ್ಲಿಷ್ ಕೈಪಿಡಿಯಲ್ಲಿ ಫೇಲ್‌ಸೇಫ್ ಎಂಬ ಪದವಿತ್ತು. ಅವಘಡವಾದ ಮೇಲೆ ಹುಡುಕಿದಾಗ ಏಳನೆಯ ಪುಟದಲ್ಲಿ ಸಿಕ್ಕಿತು. ಪದವೀಧರನಾಗಲಿರುವವನು ಅದನ್ನು ಮೊದಲೇ ಓದಲಿಲ್ಲವೆಂಬುದು ನನ್ನ ತಪ್ಪು. ಅದಕ್ಕೆ ಬೇರೆ ಯಾರನ್ನೂ ಹೊಣೆ ಮಾಡಲಾರೆನು. ಆದರೆ ಒಂದು ಹಾಳೆಯಷ್ಟಾದರೂ ಕನ್ನಡದಲ್ಲಿದ್ದಿದ್ದರೆ ಲೇತಿನ ಮುಂದೆ ಬಾಳು ಸವೆಸಿದ ನನ್ನ ಮಾವ ಅದನ್ನು ಓದದೆ ಬಿಡುತ್ತಿರಲಿಲ್ಲ.

ಆದುದರಿಂದ ಎರಡು ಸಲಹೆಗಳನ್ನು ಮುಂದಿಡುವೆನು. ಒಂದು, ಇಂಗ್ಲಿಷ್ ಬಲ್ಲ ನಮ್ಮ ವಿದ್ಯಾರ್ಥಿಗಳು ತಮ್ಮ ಮನೆಗೆ ಬರುವ ಉಪಕರಣಗಳ ಕೈಪಿಡಿಗಳಲ್ಲಿನ ಎಚ್ಚರಿಕೆಯ ಮಾತುಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಭಾಷೆ ಕಲಿತವರಿಗೆ ಇದಕ್ಕಿಂತ ಉಪಯುಕ್ತವಾದ ಅನುವಾದದ ಅಭ್ಯಾಸ ಬೇರೊಂದಿಲ್ಲ. ಎರಡು, ನಮ್ಮ ಕಾಲೇಜಿನ ವಸ್ತುಪ್ರದರ್ಶನದಲ್ಲಿಯಾಗಲಿ ಊರ ಶಾಲೆಯಲ್ಲಿಯಾಗಲಿ ಯಾವ ರೇಡಿಯೋ ಬಂಡಿಯನ್ನು ಓಡಿಸುವುದಿದ್ದರೂ ಮೊದಲು ಒಂದು ಪರೀಕ್ಷೆ ನಡೆಯಲಿ. ಬಂಡಿಯ ಚಕ್ರಗಳು ಹಳಿಗೆ ತಾಕದಂತೆ ಎತ್ತಿ ಇರಿಸಿ, ಓಡಿಸಿ, ಟ್ರಾನ್ಸ್‌ಮಿಟರಿನ ಗುಂಡಿಯನ್ನು ಆರಿಸಿಬಿಡಿ. ಚಕ್ರ ನಿಂತರೆ ಮಕ್ಕಳನ್ನು ಕರೆಯಿರಿ. ನಿಲ್ಲದಿದ್ದರೆ ಬಂಡಿಯನ್ನು ಪೆಟ್ಟಿಗೆಗೆ ಹಾಕಿ ಮನೆಗೆ ನಡೆಯಿರಿ. ಈ ಪರೀಕ್ಷೆಗೆ ಕಾಸೂ ಖರ್ಚಿಲ್ಲ, ವಿಜ್ಞಾನದ ಪದವಿಯೂ ಬೇಕಿಲ್ಲ.

ಕಳೆದ ದೀಪಾವಳಿಗೆ ಹೊಸ ಸೆಟ್ಟು ಬಂತು. ಅದಕ್ಕೆ ನಾನು ರಜೆಯಲ್ಲಿ ಅಡಿಕೆ ಸುಲಿದು ಸಂಪಾದಿಸಿದ ಹಣ. ಅಂಗಳದಲ್ಲಿ ಬಂಡಿಯನ್ನು ಓಡಿಸುವ ಮೊದಲು ಅಮ್ಮನನ್ನು ಕರೆದು ಟ್ರಾನ್ಸ್‌ಮಿಟರನ್ನು ಅವರ ಕೈಗೆ ಕೊಟ್ಟು, "ಆ ಗುಂಡಿ ಆರಿಸಿ" ಎಂದೆನು. ಬೀಡಿ ಎಲೆಯ ವಾಸನೆಯ ಬೆರಳಿನಿಂದ ಅವರು ಗುಂಡಿಯನ್ನು ಸರಿಸಿದರು. ಬಂಡಿ ಒಂದು ಸಲ ಉಸಿರೆಳೆದು ನಿಂತಿತು. "ಹಾಳಾಯಿತೋ ಮಗ?" ಎಂದು ಅವರು ಗಾಬರಿಯಿಂದ ಕೇಳಿದರು. ಮಾವ ಮಾತ್ರ ಚಾವಡಿಯಿಂದ ನಗುತ್ತ, "ಇಲ್ಲ ತಂಗೀ, ಈಗ ಸರಿಯಾಯಿತು" ಎಂದರು.